ಕಳೆ, ಮುರಿ, ವಜಾ

ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕು ಕ್ರಿಯಾಪದಗಳ ಮೇಲೆಯೇ ನಮ್ಮ ಶಾಲೆಯ ಲೆಕ್ಕಗಳೆಲ್ಲ ನಿಂತಿವೆ. ಇವುಗಳಲ್ಲಿ ಗುಣಿಸು, ಭಾಗಿಸು ಎಂಬವು ಸಂಸ್ಕೃತದ ಗುಣ, ಭಾಗಗಳಿಂದ ಬಂದವು. ಕೂಡು, ಕಳೆ ಎಂಬವು ಅಚ್ಚಗನ್ನಡದವು. ‘ಕಳೆ’ಯಂತೂ ಲೆಕ್ಕದ ಹಲಗೆಗೆ ಸೀಮಿತವಾದುದಲ್ಲ. ಹತ್ತರಲ್ಲಿ ಮೂರನ್ನು ಕಳೆಯುತ್ತೇವೆ, ಹೊತ್ತನ್ನೂ ಕಳೆಯುತ್ತೇವೆ. ಮಾನ ಕಳೆಯುವವರೂ ಉಂಟು, ದುಃಖ ಕಳೆಯುವವರೂ ಉಂಟು.

ಆದರೆ ಹಣದ ವ್ಯವಹಾರಕ್ಕೆ ಬಂದರೆ ಜನರು ‘ಕಳೆ’ ಎನ್ನುವುದು ಕಡಿಮೆ. ಅಲ್ಲಿ ‘ಮುರಿದುಕೊಳ್ಳು’ ಎಂಬ ಮಾತೇ ರೂಢಿ. ಸಾಹುಕಾರನು ಸಾಲದ ಬಾಬ್ತು ಕೂಲಿಯಲ್ಲಿ ಮುರಿದುಕೊಂಡನು ಎನ್ನುತ್ತಾರೆ. ಈ ಮಾತಿನಲ್ಲಿ ಕಳೆಯುವವನು ಒಬ್ಬ, ಕಳೆದುಕೊಳ್ಳುವವನು ಇನ್ನೊಬ್ಬ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಎಷ್ಟು ಮುರಿದರೂ ತೀರದ ಸಾಲವೇ ಜೀತದ ಬೇರು. ಕೂಲಿಯಲ್ಲಿ ಯಾವುದನ್ನು ಮುರಿದುಕೊಳ್ಳಬಹುದು ಎಂಬುದನ್ನು 1936ರ ವೇತನ ಪಾವತಿ ಕಾಯಿದೆ ಪಟ್ಟಿ ಮಾಡಿತು. ಜೀತವನ್ನು 1976ರ ಕಾಯಿದೆ ರದ್ದುಗೊಳಿಸಿತು. ಒಂದು ಕ್ರಿಯಾಪದವನ್ನು ಹದ್ದುಬಸ್ತಿನಲ್ಲಿಡಲು ಇಷ್ಟು ಕಾನೂನು ಬೇಕಾಯಿತು!

ಮೂರನೆಯ ಮಾತು ‘ವಜಾ’. ಇದರ ಮೂಲ ಅರಬ್ಬಿ. ಅಲ್ಲಿ ಇದಕ್ಕೆ ಇಡುವುದು, ಕೆಳಗಿರಿಸುವುದು ಎಂದು ಅರ್ಥ. ಉರ್ದುವಿನಲ್ಲಿ ಮೊತ್ತವನ್ನು ಕಳೆಯುವುದಕ್ಕೆ ಈ ಮಾತು ಬಳಕೆಯಾಯಿತು. ಮರಾಠಿ ಶಾಲೆಗಳ ಮಕ್ಕಳು ಇಂದಿಗೂ ಕಳೆಯುವ ಲೆಕ್ಕವನ್ನು ‘ವಜಾಬಾಕಿ’ ಎಂದೇ ಕಲಿಯುತ್ತಾರೆ. ವಿಜಾಪುರದ ಆದಿಲ್‌ಶಾಹಿಗಳ ಕಾಲದಿಂದ ಮರಾಠರ ಆಳ್ವಿಕೆಯವರೆಗೆ ಕನ್ನಡ ನಾಡಿನ ಕಂದಾಯದ ಕಡತಗಳಿಗೆ ಪಾರಸಿ, ಮರಾಠಿಗಳ ಸಂಪರ್ಕ ದೀರ್ಘವಾಗಿತ್ತು. ಜಮಾ, ಖರ್ಚು, ಬಾಕಿ, ವಸೂಲಿಗಳ ಬಳಗಕ್ಕೇ ಸೇರಿದ ವಜಾ ಕೂಡ ನಮ್ಮದಾಯಿತು.

ವಿಚಿತ್ರವೆಂದರೆ, ಇಂದಿನ ಕನ್ನಡದಲ್ಲಿ ‘ವಜಾ’ ಎಂದೊಡನೆ ಯಾರಿಗೂ ಲೆಕ್ಕ ನೆನಪಾಗುವುದಿಲ್ಲ. ಸಂಬಳದ ಪಟ್ಟಿಯಲ್ಲಿ ವಿಮೆಯ ಕಂತು ಕಳೆದರೆ ಅದು ‘ಕಟಾವಣೆ’ ಅಥವಾ ‘ಕಡಿತ’. ವಜಾ ಆಗುವುದು ನ್ಯಾಯಾಲಯದಲ್ಲಿ ಅರ್ಜಿ, ಕಚೇರಿಯಲ್ಲಿ ನೌಕರ. ಮರಾಠಿಯವರು ನೌಕರನನ್ನು ‘ಬಡತರ್ಫ್’ ಮಾಡುತ್ತಾರೆ, ‘ವಜಾ’ವನ್ನು ಅಂಕಿಗಳಿಗೆ ಉಳಿಸಿಕೊಂಡಿದ್ದಾರೆ. ನಾವು ಅಂಕಿಗಳಿಗೆ ‘ಕಳೆ’ಯನ್ನು ಇಟ್ಟುಕೊಂಡು, ಲೆಕ್ಕದ ಪದವನ್ನು ಮನುಷ್ಯನಿಗೆ ಹಚ್ಚಿದೆವು. ಬಾಬ್ತುಗಳ ಪಟ್ಟಿಯಿಂದ ಒಂದು ಮೊತ್ತವನ್ನು ತೆಗೆಯುವ ಲೇಖನಿಗೆ ಹಾಜರಿ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯುವುದು ಕಷ್ಟವಾಗಲಿಲ್ಲವೆಂದು ನನ್ನ ಊಹೆ.

ಆದರೆ ಮೊತ್ತಕ್ಕೂ ಮನುಷ್ಯನಿಗೂ ಒಂದು ಅಂತರವಿದೆ. ಹತ್ತರಿಂದ ಕಳೆದ ಮೂರು ‘ನನ್ನನ್ನೇಕೆ ಕಳೆದಿರಿ?’ ಎಂದು ಕೇಳುವುದಿಲ್ಲ. ಮನುಷ್ಯನು ಕೇಳುತ್ತಾನೆ, ಕೇಳಬೇಕು. ನಮ್ಮ ಸಂವಿಧಾನದ 311ನೆಯ ವಿಧಿ ಈ ಅಂತರವನ್ನೇ ಗುರುತಿಸಿದೆ. ಕೆಲವು ಅಪವಾದಗಳನ್ನು ಬಿಟ್ಟರೆ, ಆರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಅಹವಾಲು ಕೇಳದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆದೇಶಗಳಿಗೆ ಸಹಿ ಹಾಕುವ ಸ್ಥಾನದಲ್ಲಿರುವವರು ಹಲವರಿದ್ದೀರಿ. ಅಂಥ ಕಾಗದವೊಂದು ಎಂದಾದರೂ ನಿಮ್ಮ ಮೇಜಿಗೆ ಬಂದರೆ, ಪ್ರಾಥಮಿಕ ಶಾಲೆಯಲ್ಲಿ ಕಲಿತ ಇನ್ನೊಂದು ನಿಯಮವನ್ನು ನೆನೆಯಿರಿ: ಕಳೆದ ಮೇಲೆ ತಾಳೆ ನೋಡಬೇಕು. ಅಂಕಿಯ ವಿಷಯದಲ್ಲಿ ಅದನ್ನು ನಂತರ ಮಾಡಿದರೂ ನಡೆದೀತು; ಮನುಷ್ಯನ ವಿಷಯದಲ್ಲಿ ಮೊದಲೇ ಮಾಡಬೇಕು.