ಶಾಲಾ ಮಾಸ್ತರರು ಕಟ್ಟಿದ ಕಾಲ್ಚೆಂಡಿನ ತಂಡ

ನಮ್ಮ ಜಹೀರಾಬಾದು, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದ ಕಾಲವೊಂದಿತ್ತು. ಆಗ ನಮಗೆ ರಾಜಧಾನಿ ಹೈದರಾಬಾದು. 1956ನೆಯ ನವೆಂಬರ್ 1ರಂದು ಆ ರಾಜ್ಯವು ಮೂರು ಪಾಲಾಯಿತು. ನೆಲವನ್ನು ಪಾಲು ಮಾಡಬಹುದು. ಹಿರಿಯರ ಸಾಧನೆಯನ್ನು ಪಾಲು ಮಾಡಲಾಗದು. ಅಂತಹ ಸಾಧನೆಗಳಲ್ಲೊಂದನ್ನು ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಸೈಯದ್ ಅಬ್ದುಲ್ ರಹೀಂ ಅವರು ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಅಲ್ಲಿಯ ಕಾಲ್ಚೆಂಡಿನ ತಂಡದಲ್ಲಿ ಆಡಿದರು. ಪದವಿ ಪಡೆದ ಮೇಲೆ ನಗರದ ಶಾಲೆಗಳಲ್ಲಿ ಉಪಾಧ್ಯಾಯರಾದರು. ಶರೀರಶಿಕ್ಷಣದಲ್ಲಿಯೂ ತರಬೇತಿ ಪಡೆದರು. 1950ರಲ್ಲಿ ಹೈದರಾಬಾದು ನಗರ ಪೊಲೀಸ್ ತಂಡದ ಶಿಕ್ಷಣಭಾರವು ಈ ಮಾಸ್ತರರ ಕೈಸೇರಿತು.

ಹೊಸ ಗುರುವಿನ ಆ ಮೊದಲ ವರ್ಷವೇ ಚರಿತ್ರಾರ್ಹವಾಯಿತು. ಮುಂಬಯಿಯ ರೋವರ್ಸ್ ಕಪ್ಪು 1891ರಿಂದ ನಡೆದುಬಂದ ಪಂದ್ಯಾವಳಿ. ಬಹುಕಾಲ ಬ್ರಿಟಿಷ್ ಸೈನಿಕರ ಪಾಲಾಗಿದ್ದ ಆ ಕಪ್ಪನ್ನು 1937ರಲ್ಲಿ ಮೊದಲು ಗೆದ್ದ ಭಾರತೀಯರು ನಮ್ಮ ಬೆಂಗಳೂರಿನ ಮುಸ್ಲಿಂ ತಂಡದವರೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಅದೇ ಕಪ್ಪನ್ನು 1950ರಲ್ಲಿ ರಹೀಮರ ತಂಡವು ಗೆದ್ದಿತು. 1940ರ ಬಳಿಕ ನಿಂತುಹೋಗಿದ್ದ ಡ್ಯುರಾಂಡ್ ಕಪ್ಪಿನ ಪಂದ್ಯಗಳು ಅದೇ ವರ್ಷ ಮರಳಿ ನಡೆದಾಗ, ಕಲಕತ್ತೆಯ ಮೋಹನ ಬಾಗಾನನ್ನು ಸೋಲಿಸಿ ಅದನ್ನೂ ಪಡೆಯಿತು. ರೋವರ್ಸ್ ಕಪ್ಪಂತೂ 1954ರವರೆಗೆ ಐದು ವರ್ಷಗಳ ಕಾಲ ಅವರ ಕೈಬಿಡಲಿಲ್ಲ.

ಇದರ ಗುಟ್ಟೇನು? ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನೇ ಮೆರೆಯುವ ಆಟವನ್ನು ರಹೀಮರು ಒಪ್ಪುತ್ತಿರಲಿಲ್ಲ. ಬಂದ ಚೆಂಡನ್ನು ತಡಮಾಡದೆ ಜೊತೆಗಾರನಿಗೆ ದಾಟಿಸಬೇಕೆಂಬುದು ಅವರ ಪಾಠ. ಅದಕ್ಕಾಗಿ, ಚೆಂಡನ್ನು ಆಡಿಸುತ್ತ ಓಡುವುದನ್ನು ನಿಷೇಧಿಸಿದ ಪಂದ್ಯಗಳನ್ನು ಏರ್ಪಡಿಸಿದರು. ಬಲಗಾಲಿನವರು ಎಡಗಾಲಿನಿಂದಲೇ ಒದೆಯಬೇಕೆಂದು ವಿಧಿಸಿದರು. ದುರ್ಬಲವಾದುದನ್ನು ಬಲಪಡಿಸುವುದೇ ಶಿಕ್ಷಣವೆಂದು ಬಲ್ಲ ಮೇಷ್ಟರಲ್ಲವೆ! ಸಿಕಂದರಾಬಾದಿನ ಬಡ ಹುಡುಗ ತುಳಸೀದಾಸ್ ಬಲರಾಮನಿಗೆ ಬಾಡಿಗೆ ಸೈಕಲ್ಲಿನ ಹಣವನ್ನು ತಾವೇ ಕೊಟ್ಟು ಅಭ್ಯಾಸಕ್ಕೆ ಕರೆಸಿಕೊಂಡರು. ಆ ಹುಡುಗನೇ ಮುಂದೆ ದೇಶದ ಹೆಸರಾಂತ ಆಟಗಾರನಾದ.

ದೇಶದ ತಂಡಕ್ಕೂ ರಹೀಮರೇ ಗುರುಗಳಾದರು. 1951ರಲ್ಲಿ ದಿಲ್ಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಭಾರತಕ್ಕೆ ಸುವರ್ಣಪದಕ ದೊರೆಯಿತು. ಎಲ್ಲವೂ ಗೆಲುವಾಗಿರಲಿಲ್ಲ: 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10–1ರಿಂದ ಮಣಿಸಿತು, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಸೋಲಿನಿಂದ ಕಲಿತ ತಂಡವು 1956ರ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. 1962ರ ಜಕಾರ್ತದಲ್ಲಿ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ ಸೋತರೂ, ಅಂತಿಮ ಪಂದ್ಯದಲ್ಲಿ ಅದನ್ನೇ 2–1ರಿಂದ ಗೆದ್ದು ಮತ್ತೆ ಸುವರ್ಣವನ್ನು ತಂದಿತು. ಆ ವೇಳೆಗೆ ಗುರುಗಳ ದೇಹವನ್ನು ಅರ್ಬುದರೋಗವು ಹಿಡಿದಿತ್ತು. 1963ರ ಜೂನ್ 11ರಂದು ಅವರು ಕಾಲವಾದರು. ಆ ಬಳಿಕ ಏಷ್ಯಾ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಭಾರತವು ಸುವರ್ಣವನ್ನು ಕಂಡಿಲ್ಲ.

ಪಸ್ತಾಪುರದ ಈ ಪರಿಸರದಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮತ್ತು ಉರ್ದು ಆಡುತ್ತ ಬಾಳುವ ನಮಗೆ ಬೆಂಗಳೂರಿನ ಕೀರ್ತಿಯೂ ಹೈದರಾಬಾದಿನ ಕೀರ್ತಿಯೂ ನಮ್ಮದೇ. ಗಡಿನಾಡಿನವರ ಭಾಗ್ಯವಿದು. ಆದರೆ ಹೊಣೆಯೂ ಒಂದಿದೆ. ನುಡಿಯೂ ಚೆಂಡಿನಂತೆಯೇ: ಹಿರಿಯರಿಂದ ನಮಗೆ ಬಂದುದು, ಮಕ್ಕಳಿಗೆ ದಾಟಬೇಕಾದುದು. ನಮ್ಮ ಮನೆಯ ಮಕ್ಕಳು ಕನ್ನಡವನ್ನು ಆಡಬಲ್ಲರು. ಓದಿ ಬರೆಯಬಲ್ಲವರೆಷ್ಟು ಮಂದಿ? ವರ್ಷಕ್ಕೊಮ್ಮೆ ಉತ್ಸವದಲ್ಲಿ ಮೆರೆದು ನಾವೇ ಹಿಡಿದು ನಿಂತರೆ ಆಟ ಮುಂದೆ ಸಾಗದು. ರಹೀಂ ಮಾಸ್ತರರು ಕಲಿಸಿದಂತೆ, ತಡಮಾಡದೆ ದಾಟಿಸೋಣ.