ನಕಲು

ಅರಬ್ಬಿಯ ‘ನಕ್ಲ್’ ಇದರ ಮೂಲ. ಪಾರಸಿ ಪ್ರಭಾವದ ಕಚೇರಿ ಭಾಷೆಯಿಂದ ಕನ್ನಡಕ್ಕೆ ಬಂತು. ಅರಬ್ಬಿಯಲ್ಲಿ ಅದಕ್ಕೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ಪ್ರತಿ ಮಾಡುವುದು ಎಂಬ ಎರಡೂ ಅರ್ಥಗಳಿವೆ. ನಮ್ಮಲ್ಲಿ ಎರಡನೆಯದಷ್ಟೇ ಉಳಿಯಿತು. ಭೂದಾಖಲೆಗಳ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರ್ ಸೇರಿದ ಮೇಲೂ ಹೊಳಲ್ಕೆರೆ, ಹೊಸದುರ್ಗದ ರೈತರಿಗೆ ತಾಲ್ಲೂಕು ಕಚೇರಿಯಲ್ಲಿ ಸಿಗುವುದು ನಕಲೇ. ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಈ ಪದಕ್ಕೆ ಕೆಟ್ಟ ಹೆಸರು.

ಸರ್ವರ್‌ಗೆ ಬ್ಯಾಕಪ್ ಯೋಜಿಸುವ ವ್ಯಾಪಾರಿಗೆ ನಾವು ಬಿಟ್ಟ ‘ಸಾಗಿಸು’ ಎಂಬ ಅರ್ಥವೇ ಮುಖ್ಯ. ಸರ್ವರ್ ಇರುವ ಕಟ್ಟಡದಲ್ಲೇ ಇಟ್ಟ ಪ್ರತಿ ಬೆಂಕಿ ಬಿದ್ದರೆ ಮೂಲದ ಜೊತೆಗೇ ಸುಟ್ಟುಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಬೇರೆಡೆ: ಇದು ತಂತ್ರಜ್ಞರ ರೂಢಿ. ಚಿತ್ರದುರ್ಗದ ಅಂಗಡಿಯ ಲೆಕ್ಕಕ್ಕೆ ಹಿರಿಯೂರಿನಲ್ಲೊಂದು ನಕಲಿರಲಿ. ಆಗಾಗ ಅದರಿಂದ ಲೆಕ್ಕವನ್ನು ಮರಳಿ ತೆರೆದು ಪರೀಕ್ಷಿಸಿ.