ಡಿಸ್ಕ್ ಜಾರಲ್ಲ: ಒಂದು ಸೊಂಟನೋವಿನ ಚರಿತ್ರೆ

(1/4)
ಎಂಆರ್‌ಐ ರಿಪೋರ್ಟ್ ಕೈಯಲ್ಲಿದೆ. "ಎಲ್4-ಎಲ್5 ಡಿಸ್ಕ್ ಪ್ರೊಟ್ರೂಷನ್" ಅಂತ ಬರೆದಿದೆ. ಎದೆ ಧಸಕ್ ಅಂತು. ಮನೆಗೆ ಬಂದವರಲ್ಲಿ ಒಬ್ಬರು "ಆಪರೇಷನ್ ಮಾತ್ರ ಮಾಡಿಸ್ಬೇಡ" ಅಂತಾರೆ, ಇನ್ನೊಬ್ಬರು "ಮೂರು ತಿಂಗಳು ಹಾಸಿಗೆ ಬಿಟ್ಟು ಏಳ್ಬೇಡ" ಅಂತಾರೆ.

ಯಾರ ಮಾತು ಕೇಳೋದು? ಅದಕ್ಕೂ ಮೊದಲು ಈ ನೋವಿನ ಕತೆ ಕೇಳಿ.

ನೋವು ಬಹಳ ಹಳೆಯದು. ಚರಕ ಸಂಹಿತೆಯಲ್ಲಿ ಇದಕ್ಕೆ 'ಗೃಧ್ರಸಿ' ಎಂಬ ಹೆಸರಿದೆ. ಪೃಷ್ಠದಲ್ಲಿ ಶುರುವಾಗಿ ತೊಡೆ, ಮಂಡಿ, ಮೀನಖಂಡ ದಾಟಿ ಪಾದಕ್ಕಿಳಿಯುವ ನೋವು. ಇವತ್ತು ನಾವು ಸಯಾಟಿಕಾ ಅಂತೀವಲ್ಲ, ಅದೇ ದಾರಿ.

1764ರಲ್ಲಿ ನೇಪಲ್ಸ್‌ನ ವೈದ್ಯ ಡೊಮೆನಿಕೊ ಕೊಟುನ್ಯೊ ಒಂದು ಪುಸ್ತಕ ಬರೆದು, ಸೊಂಟದ ಕೀಲಿನ ನೋವೇ ಬೇರೆ, ನರದ ನೋವೇ ಬೇರೆ ಎಂದು ವಿಂಗಡಿಸಿದ. 1880ರಲ್ಲಿ ಸರ್ಬಿಯಾದ ಲಾಜಾ ಲಾಜರೆವಿಚ್, ಮಲಗಿದವರ ಕಾಲನ್ನು ನೇರವಾಗಿ ಮೇಲೆತ್ತಿದರೆ ಆ ನರ ಎಳೆದು ನೋಯುತ್ತದೆ ಎಂದು ವಿವರಿಸಿದ. ಡಾಕ್ಟರು ನಿಮ್ಮನ್ನ ಮಲಗಿಸಿ ಕಾಲು ಎತ್ತಿ ನೋಡಿದ್ದು ಇದೇ ಪರೀಕ್ಷೆ! ಅಂದ ಹಾಗೆ, ಆತ ಸರ್ಬಿಯನ್ ಭಾಷೆಯ ಒಳ್ಳೆಯ ಕತೆಗಾರ ಕೂಡ.

ನೋವು ನರದ್ದು ಅಂತ ಗೊತ್ತಾಯ್ತು. ಆದರೆ ನರವನ್ನು ಒತ್ತುತ್ತಿರೋದು ಏನು?

(2/4)
ಬೆನ್ನುಮೂಳೆಯ ಮಣಿಗಳ ನಡುವೆ 23 ಡಿಸ್ಕ್‌ಗಳಿವೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ಲೋಳೆಯಂಥ ತಿರುಳು. ಡಿಸ್ಕ್ ಮೇಲಿನ ಮಣಿಗೂ ಕೆಳಗಿನ ಮಣಿಗೂ ಬಿಗಿಯಾಗಿ ಅಂಟಿಕೊಂಡಿರುತ್ತೆ. ಹಾಗಾಗಿ ಅದು ಸೋಪಿನ ಥರ ಜಾರಿ ಹೋಗಲ್ಲ. ಆಗೋದು ಇಷ್ಟೆ: ಹೋಳಿಗೆಯ ಕಣಕ ಹರಿದು ಹೂರಣ ಆಚೆ ಬಂದ ಹಾಗೆ, ನಾರು ಹರಿದು ತಿರುಳು ಹೊರಗೆ ಉಬ್ಬುತ್ತೆ. ಪಕ್ಕದಲ್ಲೇ ನರದ ಬೇರು ಇದ್ದರೆ ಕಾಲಿನ ತನಕ ಚಳುಕು.

ಇದು ಗೊತ್ತಾಗೋಕೆ 1930ರ ದಶಕ ಬರಬೇಕಾಯ್ತು. ಅಲ್ಲಿಯವರೆಗೂ ಆಪರೇಷನ್‌ನಲ್ಲಿ ಸಿಕ್ಕ ಇಂಥ ತುಣುಕುಗಳನ್ನು ಸರ್ಜನ್‌ಗಳು 'ಮೃದ್ವಸ್ಥಿಯ ಗಡ್ಡೆ' ಎಂದೇ ಬರೆದಿಡುತ್ತಿದ್ದರು.

1932, ಬಾಸ್ಟನ್, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ಸ್ಕೀಯಿಂಗ್‌ನಲ್ಲಿ ಪೆಟ್ಟು ಮಾಡಿಕೊಂಡ ಒಬ್ಬ ಯುವಕನಿಗೆ ವಿಲಿಯಂ ಮಿಕ್ಸ್ಟರ್ ಆಪರೇಷನ್ ಮಾಡಿದರು. ಹೊರತೆಗೆದ 'ಗಡ್ಡೆ'ಯನ್ನು ಮೂಳೆ ವೈದ್ಯ ಜೋಸೆಫ್ ಬಾರ್ ಪರಿಶೀಲಿಸಿದರೆ, ಅದು ಗಡ್ಡೆಯೇ ಅಲ್ಲ, ಡಿಸ್ಕ್‌ನ ತುಣುಕು! ಆಸ್ಪತ್ರೆಯಲ್ಲಿ ಕಾಪಿಟ್ಟಿದ್ದ ಹಳೆಯ 'ಗಡ್ಡೆ'ಗಳನ್ನೂ ತೆಗೆದು ನೋಡಿದರು. ಅವುಗಳಲ್ಲೂ ಬಹಳಷ್ಟು ಡಿಸ್ಕೇ. 1934ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು.

(3/4)
ಕಾರಣ ಸಿಕ್ಕಿದ ಮೇಲೆ ಏನಾಯ್ತು? ಎಲ್ಲೆಡೆ ಚಾಕು ಹೊರಬಂತು. ಆಪರೇಷನ್ ಬೇಡ ಅಂದವರಿಗೆ ವಾರಗಟ್ಟಲೆ ಹಾಸಿಗೆ.

ನಡುವೆ ನಮ್ಮ ಪರಂಗಿ ಹಣ್ಣೂ ಬಂತು! ಪರಂಗಿಯ ಹಾಲಿನಲ್ಲಿರುವ ಕೈಮೊಪಪೇನ್ ಎಂಬ ಕಿಣ್ವವನ್ನು ಡಿಸ್ಕ್‌ಗೆ ಚುಚ್ಚಿ ತಿರುಳನ್ನು ಕರಗಿಸುವ ವಿಧಾನವನ್ನು 1964ರಲ್ಲಿ ಅಮೆರಿಕದ ಲೈಮನ್ ಸ್ಮಿತ್ ಪ್ರಕಟಿಸಿದರು. 1982ರಲ್ಲಿ ಅಲ್ಲಿ ಅನುಮತಿಯೂ ಸಿಕ್ತು. ಕೆಲವರಿಗೆ ವಾಸಿಯಾಯ್ತು, ಕೆಲವರಿಗೆ ಜೀವಕ್ಕೇ ಅಪಾಯವಾಗುವಂಥ ಅಲರ್ಜಿ ಆಯ್ತು. 2003ರಲ್ಲಿ ಮಾರಾಟ ನಿಂತಿತು. (ಪರಂಗಿ ತಿಂದರೆ ಡಿಸ್ಕ್ ಕರಗಲ್ಲ, ದಯವಿಟ್ಟು ಟ್ರೈ ಮಾಡ್ಬೇಡಿ 🙏)

1977ರ ಹೊತ್ತಿಗೆ ಯಾಸರ್ಗಿಲ್ ಮತ್ತು ಕಾಸ್ಪರ್ ಸೂಕ್ಷ್ಮದರ್ಶಕ ಇಟ್ಟುಕೊಂಡು, ಚಿಕ್ಕ ಗಾಯದಲ್ಲೇ ಈ ಆಪರೇಷನ್ ಮಾಡುವ ದಾರಿ ತೋರಿಸಿದರು. ಇವತ್ತಿಗೂ ಹೆಚ್ಚಾಗಿ ನಡೆಯೋದು ಅದೇ.

(4/4)
ಆಮೇಲೆ ವೈದ್ಯರು ತಮ್ಮನ್ನೇ ಪ್ರಶ್ನಿಸಿಕೊಳ್ಳತೊಡಗಿದರು.

▪️ 1983, ನಾರ್ವೆಯ ಹೆನ್ರಿಕ್ ವೆಬರ್: ಒಂದು ವರ್ಷದ ಕೊನೆಗೆ ಆಪರೇಷನ್ ಆದವರು ಮುಂದಿದ್ದರು. 10 ವರ್ಷದ ಹೊತ್ತಿಗೆ ಎರಡೂ ಗುಂಪು ಸಮ.

▪️ 1986, ಅಮೆರಿಕ: ಸೊಂಟ ಹಿಡಿದುಕೊಂಡವರಲ್ಲಿ ಕೆಲವರಿಗೆ 2 ದಿನ, ಕೆಲವರಿಗೆ 7 ದಿನ ಮಲಗಲು ಹೇಳಿದರು. 2 ದಿನದವರು ಬೇಗ ಕೆಲಸಕ್ಕೆ ಹೋದರು. ಹೆಚ್ಚು ಮಲಗಿದ್ದರಿಂದ ಲಾಭವೇನೂ ಆಗಲಿಲ್ಲ.

▪️ 1994: ಸೊಂಟನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಎಲ್ಲ ಡಿಸ್ಕೂ ಸರಿಯಾಗಿ ಕಂಡಿದ್ದು ಶೇ. 36 ಜನರಿಗೆ ಮಾತ್ರ!

▪️ 2007, ನೆದರ್‌ಲ್ಯಾಂಡ್ಸ್: ಬೇಗ ಆಪರೇಷನ್ ಆದವರಿಗೆ ಕಾಲುನೋವು ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು. ಕಾದು ನೋಡಿದ ಗುಂಪಿನಲ್ಲೂ ಶೇ. 39 ಜನರಿಗೆ ಕೊನೆಗೆ ಆಪರೇಷನ್ ಬೇಕಾಯ್ತು ಅನ್ನೋದೂ ನಿಜ.

ಕಾದರೆ ಯಾಕೆ ವಾಸಿಯಾಗುತ್ತೆ? ಹೊರಬಂದ ತಿರುಳನ್ನು ದೇಹವೇ 'ಹೊರಗಿನದು' ಎಂದು ಗುರುತಿಸಿ ನಿಧಾನಕ್ಕೆ ಕರಗಿಸಿಬಿಡುತ್ತೆ. ದೊಡ್ಡ ತುಣುಕೇ ಎಷ್ಟೋ ಸಲ ಚೆನ್ನಾಗಿ ಕರಗುತ್ತೆ.

ಹಾಗಾಗಿ ಇವತ್ತಿನ ರೂಢಿ: ನೋವಿಗೆ ಔಷಧಿ, ಆದಷ್ಟು ಓಡಾಟ, ಫಿಸಿಯೋಥೆರಪಿ, ಕೆಲವು ವಾರಗಳ ತಾಳ್ಮೆ. ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಅದು ಸೋಲೂ ಅಲ್ಲ, ಹೆದರಬೇಕಾದ್ದೂ ಅಲ್ಲ.

🚨 ಆದರೆ ಇದಕ್ಕೆ ಕಾಯಬೇಡಿ: ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ಕೂರುವ ಜಾಗ ಜೋಮು ಹಿಡಿಯುವುದು, ಎರಡೂ ಕಾಲಿನ ಬಲ ಕುಂದುವುದು. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ. ಪಾದ ಎತ್ತೋಕೆ ಆಗದೆ ಎಳೆದು ಹಾಕುವಂತಾದರೂ ತಡ ಮಾಡದೆ ತೋರಿಸಿ.

ಉಳಿದಂತೆ, ರಿಪೋರ್ಟ್ ನೋಡಿ ನಿದ್ದೆ ಕೆಡಿಸ್ಕೋಬೇಡಿ. ಅದು ನಿಮ್ಮ ಬೆನ್ನಿನ ಫೋಟೋ ಅಷ್ಟೆ, ಭವಿಷ್ಯ ಅಲ್ಲ.

ಹಾಸಿಗೆ ಹಿಡಿದು ಹೆದರಿ ಕೂತವರು ನಿಮಗೆ ಗೊತ್ತಿದ್ದರೆ, ಅವರಿಗೆ ಕಳಿಸಿ. 💛

#ಸೊಂಟನೋವು #ಸಯಾಟಿಕಾ #ವೈದ್ಯಚರಿತ್ರೆ #ಕನ್ನಡದಲ್ಲಿ